ಮಾವ ಪ್ಯಾರಾಚೂಟು ಆರಿಸಿದ್ದು

ಹಿಂದೂಪುರದ ಬಟ್ಟೆ ಅಂಗಡಿಯವರು ನಮ್ಮ ಸೋದರಮಾವನನ್ನು ಕಂಡೊಡನೆ ಥಾನುಗಳನ್ನು ಒಳಗೆ ಎತ್ತಿಡುತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ಕಾಲೇಜಿನಲ್ಲಿ ಫಿಜಿಕ್ಸ್ ಹೇಳಿಕೊಡುವ ಮರ್ಯಾದಸ್ಥರು! ಆದರೆ ಬಟ್ಟೆಯನ್ನು ಎಲ್ಲರ ಹಾಗೆ ಮುಟ್ಟಿ ನೋಡುವವರಲ್ಲ. ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಬಾಯಿಗೆ ಒತ್ತಿಕೊಂಡು, ಕೆನ್ನೆ ಉಬ್ಬಿಸಿ ಊದುತ್ತಿದ್ದರು. ಗಾಳಿ ಆಚೆ ಬಂತೋ, ಆ ಬಟ್ಟೆ ಬೇಡ. ಒಬ್ಬ ಅಂಗಡಿಯವನಂತೂ "ವೇಡಿಗಾ ಉಂದಾ ಸಾರ್?" ಎಂದು, ಬಟ್ಟೆ ಬಿಸಿಯಿದೆಯೇನೋ ಎಂಬ ಹಾಗೆ ವಿಚಾರಿಸಿದನಂತೆ. ಎಂಜಲಾದ ಬಟ್ಟೆಯನ್ನು ಅವನು ಆಮೇಲೆ ಯಾರಿಗೆ ಮಾರಬೇಕು ಹೇಳಿ?

ಇದೆಲ್ಲ ಮಗಳು ಸುಮಳ ಸಲುವಾಗಿ. ಎರಡು ಸಾವಿರದ ಇಸವಿ ದಾಟಿ ಆಗಿನ್ನೂ ಕೆಲವೇ ವರ್ಷ. ಅನಂತಪುರದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಸುಮ ಸಹಪಾಠಿಗಳ ಜೊತೆ ಸೇರಿ ಆಳೆತ್ತರದ ಮಾದರಿ ರಾಕೆಟ್ ಕಟ್ಟಿದ್ದಳು. ಹಾರಿಸುವ ಕೆಲಸ ಹುಡುಗರದು. ಹಾರಿದ್ದನ್ನು ಪ್ಯಾರಾಚೂಟಿನಲ್ಲಿ ಇಳಿಸಿಕೊಳ್ಳುವ ಕೆಲಸ ಅವಳದು. ಕಲ್ಯಾಣದುರ್ಗದ ಹತ್ತಿರ ನಮ್ಮ ಅತ್ತೆಯ ತವರಿನವರ ಹೊಲವಿತ್ತು. ಕಡಲೆಕಾಯಿ ಕಿತ್ತು ಖಾಲಿಯಾಗಿದ್ದ ಆ ಹೊಲದಲ್ಲಿ ಮೊದಲ ಸಲ ಹಾರಿಸಿದಾಗ ಪ್ಯಾರಾಚೂಟು ಹರಿದು, ರಾಕೆಟ್ ಮೂತಿ ಕೆಳಗಾಗಿ ಬಿದ್ದು ಪುಡಿಯಾಯಿತು. ಇನ್ನೊಮ್ಮೆ ಹೀಗಾದರೆ ಈ ಕೆಲಸ ಬೇರೆಯವರಿಗೆ, ನೀನು ಫೋಟೊ ತೆಗೆದರೆ ಸಾಕು ಎಂದು ಹುಡುಗರು ಹೇಳಿಬಿಟ್ಟರು. ಸುಮ ಮನೆಗೆ ಬಂದವಳು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಮಾವ ಬಟ್ಟೆ ಅಂಗಡಿಗಳ ಬೀದಿಗೆ ಇಳಿದದ್ದು ಆಗ.

ಹೊಲಿಸಿದ ಪ್ಯಾರಾಚೂಟಿನ ಪರೀಕ್ಷೆಯೆಲ್ಲ ತಾರಸಿಯ ಮೇಲೆ. ಮೊಟ್ಟೆ ಕಟ್ಟಿ ಇಳಿಬಿಡೋಣ, ಒಡೆಯದಿದ್ದರೆ ಪಾಸು ಎಂದು ನಾನು ಸಲಹೆ ಕೊಟ್ಟೆ. ಅತ್ತೆಯ ಮನೆಯಲ್ಲಿ ಮೊಟ್ಟೆ! ಆ ಹೆಸರು ಎತ್ತಿದ್ದಕ್ಕೇ ನನಗೆ ಅವತ್ತು ಕಾಫಿ ತಪ್ಪಿತು. ಕೊನೆಗೆ ಮಾವ ಸ್ಟೀಲ್ ಡಬ್ಬಿಯಲ್ಲಿ ಸುಟ್ಟ ಹಪ್ಪಳ ಇಟ್ಟು, ಮುಚ್ಚಳ ಹಾಕಿ, ಅದನ್ನು ಪ್ಯಾರಾಚೂಟಿಗೆ ಕಟ್ಟಿ ಕೆಳಗೆ ಬಿಟ್ಟರು. ಅಂಗಳದಲ್ಲಿ ಧಡಾರ್ ಎಂದಿತು. ಆ ಬೇಸಿಗೆಯಲ್ಲಿ ಅವರ ಮನೆಗೆ ಊಟಕ್ಕೆ ಹೋದವರು ಎಲೆಯ ಮೇಲಿನ ಹಪ್ಪಳ ನೋಡಿಯೇ ಅವತ್ತಿನ ಫಲಿತಾಂಶ ಹೇಳಬಹುದಿತ್ತು. ನಾನಂತೂ ಇಡೀ ಹಪ್ಪಳದ ಮುಖ ಮರೆತಿದ್ದೆ.

ಹಪ್ಪಳ ಮುರಿದಷ್ಟೂ ಮಾವ ಪ್ಯಾರಾಚೂಟು ದೊಡ್ಡದು ಮಾಡುತ್ತಾ ಹೋದರು. ಕೊಡೆ ಬಟ್ಟೆಗೆ ಕೊಡೆ ಬಟ್ಟೆ ಸೇರಿಸಿ ಹೊಲಿಸಿ ಹೊಲಿಸಿ ಅದು ಮದುವೆ ಚಪ್ಪರಕ್ಕೆ ಆಗುವಷ್ಟಾಯಿತು. ಕಡೆಗೊಂದು ದಿನ ಹಪ್ಪಳ ಇಡಿಯಾಗಿ ಇಳಿಯಿತು, ಆದರೆ ಎರಡು ಮನೆ ಆಚೆಗಿನ ಹಿತ್ತಲಲ್ಲಿ! ಆ ಮನೆಯ ಅಜ್ಜಿ ಹಪ್ಪಳ ತಿಂದು, ಡಬ್ಬಿ ತೊಳೆದು, ಖಾಲಿ ಡಬ್ಬಿ ವಾಪಸು ಕೊಡಬಾರದೆಂದು ಒಂದು ಉಂಡೆ ಬೆಲ್ಲ ಹಾಕಿ ಕಳಿಸಿದರು. ಮಾವ ಆ ಬೆಲ್ಲವನ್ನೇ ಹಂಚಿ ಪ್ರಯೋಗ ಗೆದ್ದಿತು ಎಂದು ಸಾರಿದರು.

ಸುಮ ಬೆಲ್ಲ ಮುಟ್ಟಲಿಲ್ಲ. ಅವಳು ತಾನೇ ಒಂದು ಚಿಕ್ಕ ಪ್ಯಾರಾಚೂಟು ಹೊಲಿದಿದ್ದಳು, ನಡುವೆ ದುಂಡನೆಯ ತೂತು ಬಿಟ್ಟು.

"ಮೆತ್ತಗಿಳಿದ್ರೆ ಸಾಲದು ಕಣಪ್ಪ, ನಮ್ ಕೈಗೆ ಸಿಗಬೇಕು. ಕಲ್ಯಾಣದುರ್ಗದ ಗಾಳಿಗೆ ನಿಂದು ಕಂಬದೂರು ದಾಟಿ ಹೋಯ್ತದೆ" ಎಂದಳು.

ತೂತು ಬಿದ್ದ ಮೇಲೆ ಅದೆಂಥ ಪ್ಯಾರಾಚೂಟು ಎಂದು ಮಾವ ರೇಗಿದರು. ಒಳಗೆ ತುಂಬಿದ ಗಾಳಿ ಸ್ವಲ್ಪ ಸ್ವಲ್ಪವೇ ಆ ತೂತಿನಿಂದ ಹೋದರೆ ಪ್ಯಾರಾಚೂಟು ಓಲಾಡದೆ ನೆಟ್ಟಗೆ ಇಳಿಯುತ್ತದೆ ಎಂಬುದು ಫಿಜಿಕ್ಸ್ ಮೇಷ್ಟ್ರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಮಗಳ ವಿಷಯಕ್ಕೆ ಬಂದಾಗ ಯಾವ ಅಪ್ಪನಿಗೆ ತಾನೇ ಓದಿದ್ದು ನೆನಪಿರುತ್ತದೆ!

ಎರಡನೆಯ ಸಲ ಹಾರಿಸುವ ದಿನ ನಾನೂ ಜೊತೆಗೆ ಹೊರಟೆ. ಬಸ್ಸಿನಲ್ಲಿ ಅಪ್ಪನ ತೊಡೆಯ ಮೇಲೆ ದೊಡ್ಡ ಗಂಟು, ಮಗಳ ತೊಡೆಯ ಮೇಲೆ ಚಿಕ್ಕ ಗಂಟು. ಸೋಮಂದೇಪಲ್ಲಿ ಬರುವ ಹೊತ್ತಿಗೆ ಇಬ್ಬರ ಮಾತೂ ನಿಂತಿತ್ತು.

ಹೊಲದಲ್ಲಿ ಗಾಳಿ ಜೋರಾಗಿಯೇ ಇತ್ತು. ಹುಡುಗರ ಮುಂದಾಳು ಸುಮಳನ್ನು ದಾಟಿಕೊಂಡು ನೇರ ಮಾವನ ಹತ್ತಿರ ಬಂದು, ಯಾವುದು ಕಟ್ಟೋಣ ಸಾರ್ ಎಂದು ಕೇಳಿದ. ಸುಮ ನೆಲ ನೋಡುತ್ತಾ ನಿಂತಳು. ಮಾವನ ಕೈ ಆಗಲೇ ತಮ್ಮ ಗಂಟಿನ ಮೇಲಿತ್ತು. ಅದನ್ನು ಬಿಚ್ಚುತ್ತಾರೆಂದೇ ನಾನು ತಿಳಿದೆ. ಅವರು ಕೈ ಹಿಂದಕ್ಕೆ ತೆಗೆದರು.

"ನನ್ನ ಯಾಕಪ್ಪ ಕೇಳ್ತೀಯ? ಇಳಿಸೋಳು ಅವಳು. ಅವಳದೇ ಸರಿಯಾದ್ದು."

ಸುಮ ತಲೆಯೆತ್ತಿ ಒಮ್ಮೆ ಅಪ್ಪನನ್ನು ನೋಡಿದಳು. ಆಮೇಲೆ ತನ್ನ ಪ್ಯಾರಾಚೂಟನ್ನು ಮಡಿಸಿ, ರಾಕೆಟ್ಟಿನೊಳಗೆ ತಾನೇ ಇಟ್ಟಳು.

ರಾಕೆಟ್ ಹಾರಿದಾಗ ನಾವೆಲ್ಲ ಆಕಾಶ ನೋಡಿದೆವು, ಮಾವ ಮಾತ್ರ ಮಗಳ ಮುಖ ನೋಡುತ್ತಿದ್ದರು. ಪ್ಯಾರಾಚೂಟು ತೆರೆದುಕೊಂಡದ್ದು ಅವರಿಗೆ ತಿಳಿದದ್ದು ಅಲ್ಲಿಯೇ. ರಾಕೆಟ್ ಬೇಗ ಬೇಗನೆ, ಆದರೆ ನೆಟ್ಟಗೆ ಇಳಿದು, ಹೊಲದ ಅಂಚಿನಲ್ಲಿ ಇಡಿಯಾಗಿ ಬಿತ್ತು. ಹುಡುಗರು ಸುಮಳ ಹೆಸರು ಕೂಗುತ್ತಾ ಓಡಿದರು. ಅವರಿಗಿಂತ ಮುಂದೆ ಅವಳು ಓಡುತ್ತಿದ್ದಳು.

ಮಾವ ಬದುವಿನ ಮೇಲೆ ಕೂತರು. ಅಂತೂ ನಿಮ್ಮ ಲೆಕ್ಕ ತಪ್ಪಾಯಿತು ಎಂದು ಛೇಡಿಸಲು ಹೋದವನು ಅವರ ಕಣ್ಣು ನೋಡಿ ಪಕ್ಕದಲ್ಲಿ ಕೂತೆ. ಅವರೇ ಮಾತಾಡಿದರು.

"ಬಿದ್ದು ಪುಡಿಯಾಗಿದ್ರೂ ಅವಳದೇ ಸರಿ ಅಂತಿದ್ದೆ ಕಣಪ್ಪ. ಆದ್ರೆ ಆವಾಗ ಹೇಳಿದ್ರೆ ಅವಳು ನಂಬ್ತಿರಲಿಲ್ಲ. ಅದ್ಕೇ ಮುಂಚೆನೇ ಹೇಳ್ಬುಟ್ಟೆ."