ಮೆಲಾತಿಗೆ ನಾನು ಮಾಡಿದ ನಮಸ್ಕಾರ

ಊರು ಬಿಟ್ಟು ದೂರ ಬಂದವರ ಊರು ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತದೆ ಎಂಬುದು ನನ್ನ ಅನುಭವ. ಉಡುಪಿಯಲ್ಲಿದ್ದಾಗ ಏಪ್ರಿಲ್ ಬಂತೆಂದರೆ ನಮ್ಮ ಮನೆಯ ಬಾವಿಯಲ್ಲಿ ಕೊಡ ಮುಳುಗುತ್ತಿರಲಿಲ್ಲ. ನಾನು ಮಲೇಷ್ಯಾದ ಪೆಟಾಲಿಂಗ್ ಜಯಾಕ್ಕೆ ಬಂದು ಐದಾರು ವರ್ಷವಾಗುವಷ್ಟರಲ್ಲಿ ಅದೇ ಬಾವಿ ನಡುಬೇಸಿಗೆಯಲ್ಲೂ ತುಂಬಿ ತುಳುಕತೊಡಗಿತು. ಇದರಲ್ಲಿ ಮೋಸದ ಉದ್ದೇಶವೇನೂ ಇಲ್ಲ. ಕೇಳುವವರು ಕಣ್ಣರಳಿಸಿದರೆ ಹೇಳುವವನ ನಾಲಿಗೆ ತಾನಾಗಿ ಉದ್ದವಾಗುತ್ತದೆ, ಅಷ್ಟೆ. ದನದ ವಿಷಯದಲ್ಲೂ ಆದದ್ದು ಇದೇ. ನಮ್ಮ ಹಟ್ಟಿಯಲ್ಲಿ ಇದ್ದದ್ದು ಒಂದೇ ಒಂದು ದನ. ಅದರ ಹಾಲು ಕರೆಯುತ್ತಿದ್ದವಳು ಅಮ್ಮ, ಮೈ ತೊಳೆಯುತ್ತಿದ್ದವಳು ಅಮ್ಮ, ಅಕ್ಕಿ ತೊಳೆದ ನೀರಿಗೆ ಹಿಂಡಿ ಕಲಸಿ ಅಕ್ಕಚ್ಚು ಇಡುತ್ತಿದ್ದವಳೂ ಅಮ್ಮ. ನನ್ನ ಪಾಲಿಗೆ ಬಂದ ಕೆಲಸ ಹಾಲು ಕುಡಿಯುವುದು. ಕೊಂಬಿನ ಹೆದರಿಕೆಗೆ ನಾನು ಹಟ್ಟಿಯ ಒಳಗೆ ಕಾಲಿಟ್ಟವನೇ ಅಲ್ಲ.

ಆದರೆ ನನ್ನ ಮಗಳು ಶಾಲ್ಮಲಿಗೆ ಗೊತ್ತಿದ್ದ ಹಟ್ಟಿಯೇ ಬೇರೆ. ಎರಡು ವರ್ಷದವಳಿದ್ದಾಗ ಮಲೇಷ್ಯಾಕ್ಕೆ ಬಂದ ಹುಡುಗಿ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಊಟಕ್ಕೆ ಕೂತಾಗ ದನದ ಕಥೆ ಮಾತ್ರ ಕನ್ನಡದಲ್ಲೇ ಬೇಕು. ಅವಳು ಒಂದನೇ ತರಗತಿಯಲ್ಲಿದ್ದಾಗ ನಮ್ಮಲ್ಲಿ ನಾಲ್ಕು ದನಗಳಿದ್ದವು, ಮೂರನೆಯದಕ್ಕೆ ಬರುವಾಗ ಒಂಬತ್ತು, ಹನ್ನೊಂದು ತುಂಬುವಾಗ ಹನ್ನೆರಡು. ಬೀದಿಯಲ್ಲಿ ಹುಚ್ಚೆದ್ದು ಓಡುತ್ತಿದ್ದ ಹೋರಿಯೊಂದನ್ನು ನಾನು ಕಿವಿ ಹಿಡಿದು ನಿಲ್ಲಿಸಿದ್ದೂ ಈ ಅವಧಿಯಲ್ಲೇ. ನನ್ನ ಹೆಂಡತಿ ಸುಮಂಗಲಾ ನಮ್ಮ ಪಕ್ಕದ ಬೀದಿಯವಳು, ಸತ್ಯ ಬಲ್ಲವಳು. ಹೋರಿ ಬಂದಾಗಲೆಲ್ಲ ಸೌಟು ಎತ್ತಿ, "ಸಾರು ಬಡಿಸ್ಲಾ?" ಎಂದಷ್ಟೇ ಕೇಳುತ್ತಿದ್ದಳು. ನಾನು ಮೆಡಿಕಲ್ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತೇನೆ. ನಾನು ಹೇಳಿದ್ದನ್ನು ವಿದ್ಯಾರ್ಥಿಗಳು ಪುಸ್ತಕದಲ್ಲಿ ನೋಡಿ ಖಚಿತ ಮಾಡಿಕೊಳ್ಳುತ್ತಾರೆ. ಏನನ್ನೂ ಖಚಿತ ಮಾಡಿಕೊಳ್ಳದೆ ನಂಬುವ ಜೀವ ಈ ಭೂಮಿಯ ಮೇಲೆ ಒಂದೇ ಇತ್ತು, ಅದು ಶಾಲ್ಮಲಿ. ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಇಲ್ಲಿನ ಹಣ ರಿಂಗಿಟ್‌ನ ಬೆಲೆ ಬಿದ್ದ ವರ್ಷವದು. ಶಾಲೆಯ ರಜೆಗೆ ಊರಿಗೆ ಹೋಗುವ ಮಾತೇ ಇರಲಿಲ್ಲ. ಅಷ್ಟರಲ್ಲಿ ಶಾಲೆಯಿಂದ ಒಂದು ಹಾಳೆ ಬಂತು. ಒಂದು ಗಂಟೆ ದಾರಿಯ ಡೈರಿ ಫಾರಂ ಒಂದರಲ್ಲಿ ಮಕ್ಕಳಿಗೆ ನಾಲ್ಕು ದಿನದ ಶಿಬಿರ. ದನವನ್ನು ಹಿಡಿಯುವುದು, ತೊಳೆಯುವುದು, ಹಗ್ಗ ಹಿಡಿದು ನಡೆಸುವುದು, ಕೊನೆಯ ದಿನ ತೀರ್ಪುಗಾರರ ಎದುರು ಪ್ರದರ್ಶಿಸುವುದು. ಜೊತೆಗೆ ತಂದೆಯೋ ತಾಯಿಯೋ ಬರಬೇಕು. ಅರ್ಜಿಯನ್ನು ಶಾಲ್ಮಲಿಯೇ ತುಂಬಿದಳು. ಪಾಲಕರಿಗೆ ದನಗಳ ಅನುಭವ ಉಂಟೇ ಎಂಬ ಪ್ರಶ್ನೆಯ ಎದುರು ದಪ್ಪ ಅಕ್ಷರದಲ್ಲಿ 'ಎಕ್ಸ್‌ಪರ್ಟ್' ಎಂದು ಬರೆದಿದ್ದಳು. ನನಗೆ ಅದು ಗೊತ್ತಾದದ್ದು ಅವಳು ಅರ್ಜಿ ಕೊಟ್ಟು ಬಂದ ಮೇಲೆ.

ಶಿಬಿರದ ಗುರು ಮುನಿಯಾಂಡಿ. ಮೂರು ತಲೆಮಾರಿನಿಂದ ಅಲ್ಲೇ ದನ ಸಾಕಿಕೊಂಡು ಬಂದ ತಮಿಳರ ಮನೆಯವರು. ಅರವತ್ತು ದಾಟಿದ, ಮೆಲ್ಲನೆ ಮಾತಾಡುವ ಮನುಷ್ಯ. ಮೊದಲ ದಿನವೇ ಹತ್ತು ಮಕ್ಕಳಿಗೆ ಹತ್ತು ಕಡಸುಗಳನ್ನು ಹಂಚಿದರು. ಶಾಲ್ಮಲಿಗೆ ಸಿಕ್ಕಿದ್ದು ಕಪ್ಪು ಬಿಳುಪಿನ ಮೆಲಾತಿ. ಮಲಯ್ ಭಾಷೆಯಲ್ಲಿ ಮಲ್ಲಿಗೆ ಎಂದರ್ಥ, ಸ್ವಭಾವಕ್ಕೂ ಹೆಸರಿಗೂ ಸಂಬಂಧವಿರಲಿಲ್ಲ. ಮುನಿಯಾಂಡಿ ಕಲಿಸಿದ ಮೊದಲ ನಿಯಮ, ದನದ ಹಿಂದಿನಿಂದ ಸದ್ದಿಲ್ಲದೆ ಹೋಗಬಾರದು. ಮುಂದಿನಿಂದ ಮಾತಾಡಿಸಿ, ಹೆಗಲ ಮೇಲೆ ಕೈಯಿಟ್ಟು, ಆ ಕೈಯನ್ನು ಎತ್ತದೆ ಬೆನ್ನುದ್ದಕ್ಕೂ ಸವರುತ್ತ ಹಿಂದಕ್ಕೆ ಹೋಗಬೇಕು. ದಿನಕ್ಕೆ ಮೂರು ಸಲ ಇದನ್ನೇ ಹೇಳುತ್ತಿದ್ದರು. ನಾನು ಮೂರು ಸಲವೂ ಬೇಲಿಯ ಆಚೆ ನಿಂತು, ಇದೇನು ಹೊಸ ವಿಷಯವೇ ಎಂಬ ಮುಖ ಮಾಡಿ ತಲೆಯಾಡಿಸುತ್ತಿದ್ದೆ.

ಕಡಿಮೆ ಮಾತಾಡಿದಷ್ಟೂ ಪರಿಣತನ ಬೆಲೆ ಹೆಚ್ಚು ಎಂಬುದು ಕಾಲೇಜಿನಲ್ಲಿ ಕಲಿತ ಪಾಠ. ಯಾರಾದರೂ ಅಭಿಪ್ರಾಯ ಕೇಳಿದರೆ ಕೈ ಕಟ್ಟಿಕೊಂಡು, "ಹೂಂ, ಅಡ್ಡಿಲ್ಲ" ಎನ್ನುತ್ತಿದ್ದೆ. ಎರಡನೆಯ ದಿನ ಮಾತ್ರ ಜಾರಿದೆ. ಮಕ್ಕಳು ದನಕ್ಕೆ ಮುಂದಿನ ಹಲ್ಲು ಎಷ್ಟು ಎಂದು ಕೇಳಿದಾಗ, ಅಂಗರಚನೆಯ ಮೇಷ್ಟ್ರು ಸುಮ್ಮನಿರುವುದುಂಟೇ, ಮೇಲೆ ನಾಲ್ಕು ಕೆಳಗೆ ನಾಲ್ಕು ಎಂದುಬಿಟ್ಟೆ. ಮುನಿಯಾಂಡಿ ಮೆಲಾತಿಯ ಮೇಲ್ದುಟಿ ಎತ್ತಿ ತೋರಿಸಿದರು. ಅಲ್ಲಿ ಬರೀ ಒಸಡು. ದನಗಳಿಗೆ ಮೇಲಿನ ಮುಂದಿನ ಹಲ್ಲೇ ಇರುವುದಿಲ್ಲವಂತೆ. ಶಾಲ್ಮಲಿ ನನ್ನ ಮುಖ ನೋಡಿದಳು. ನಮ್ಮ ಊರಿನ ದನಗಳಿಗೆ ಇರುತ್ತದೆ ಎಂದೆ. ಅವಳು ನನ್ನ ಕೈಗೆ ಬಕೆಟ್ ಕೊಟ್ಟು ನೀರು ತರಲು ಕಳಿಸಿದಳು.

ಅವಳ ಪಾಡು ಮಾತ್ರ ತಮಾಷೆಯದ್ದಾಗಿರಲಿಲ್ಲ. ಮೊದಲ ದಿನ ಮೆಲಾತಿ ಅವಳನ್ನು ಕೆಸರಿನಲ್ಲಿ ಎಳೆದುಕೊಂಡು ಹೋಯಿತು. ಎರಡನೆಯ ದಿನ ಅದು ನಿಂತಲ್ಲಿಂದ ಕದಲಲಿಲ್ಲ, ಇವಳು ಹುಲ್ಲಿನ ಕಟ್ಟಿನ ಹಿಂದೆ ಕೂತು ಅತ್ತಳು. ಮುನಿಯಾಂಡಿ ಎಳೆಯಬೇಡ, ಅದರ ಹೆಗಲ ಪಕ್ಕ ನಿಂತು ಮಾತಾಡು, ತಾನಾಗಿ ಬರುತ್ತದೆ ಎಂದರು. ಮೂರನೆಯ ದಿನ ಬೆಳಿಗ್ಗೆ ನಾನು ನೋಡುತ್ತೇನೆ, ನನ್ನ ಮಗಳು ಕಡಸಿನ ಕಿವಿಯಲ್ಲಿ ಕನ್ನಡದಲ್ಲಿ ಏನೋ ಪಿಸುಗುಟ್ಟುತ್ತಿದ್ದಾಳೆ, ಅದು ಅವಳ ಹಿಂದೆ ಹೆಜ್ಜೆ ಹಾಕುತ್ತಿದೆ. ಅವಳಿಗೆ ಬಹುಮಾನ ಬರಲೇಬೇಕು ಎಂದು ಅವಳಿಗಿಂತ ನನಗೇ ಹೆಚ್ಚು ಅನಿಸತೊಡಗಿತು.

ಕೊನೆಯ ದಿನ ಸುಮಂಗಲಾ ಕ್ಯಾಮರಾ ಹಿಡಿದು ಬಂದಳು. ಅಂಗಳಕ್ಕೆ ಮರಳು ಹಾಸಿ ಸುತ್ತ ಹಗ್ಗ ಕಟ್ಟಿದ್ದರು. ತೀರ್ಪುಗಾರ್ತಿ ಒಬ್ಬ ಮಲಯ್ ಪಶುವೈದ್ಯೆ. ಮಕ್ಕಳು ಬಿಳಿ ಅಂಗಿ ತೊಟ್ಟು ಸುತ್ತು ಹೊಡೆದರು. ಮೆಲಾತಿಯ ತಲೆ ಎತ್ತಿದಂತೆಯೇ ಇತ್ತು, ಹೆಜ್ಜೆ ತಪ್ಪಲಿಲ್ಲ. ವೈದ್ಯೆ ಎಲ್ಲರಿಗಿಂತ ಮೊದಲು ಶಾಲ್ಮಲಿಯನ್ನು ಕರೆದು ಸಾಲಿನ ಮುಂದೆ, ಮೊದಲ ಸ್ಥಾನದಲ್ಲಿ ನಿಲ್ಲಿಸಿದರು. ಆಮೇಲೆ ಪಾಲಕರು ಒಳಗೆ ಬಂದು ಕೊನೆಯ ಸಲ ದನದ ಮೈ ಒರೆಸಬಹುದು ಎಂದರು. ನಾನು ಟವೆಲ್ ಹಿಡಿದು ಹೋದೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಗೋವಿನ ಹಿಂಭಾಗದಲ್ಲಿ ಲಕ್ಷ್ಮಿ ಇರುತ್ತಾಳೆ ಎಂದು ಅಮ್ಮನ ನಂಬಿಕೆ. ಪರೀಕ್ಷೆಗೆ ಹೊರಡುವ ದಿನ ದನವನ್ನು ಅಂಗಳಕ್ಕೆ ತಂದು, ತಲೆಯನ್ನು ತಾನು ಗಟ್ಟಿಯಾಗಿ ಹಿಡಿದುಕೊಂಡು, ಬಾಲದ ಬುಡ ಮುಟ್ಟಿ ಕಣ್ಣಿಗೆ ಒತ್ತಿಕೋ ಎನ್ನುತ್ತಿದ್ದಳು. ಎಸ್ಸೆಸ್ಸೆಲ್ಸಿಯಿಂದ ಎಂ.ಡಿ.ಯವರೆಗೆ ನಾನು ಹಾಗೆಯೇ ಪಾಸಾದವನು. ಈಗ ಮಗಳಿಗೆ ಪರೀಕ್ಷೆ, ಎದುರಿಗೇ ಗೋವು. ಯೋಚಿಸಲು ಏನಿದೆ? ನೆಟ್ಟಗೆ ಹಿಂದಿನಿಂದ ಹೋದೆ, ಸದ್ದಿಲ್ಲದೆ, ಭಕ್ತಿಯಿಂದ. ಬಾಲದ ಬುಡ ಮುಟ್ಟಿದೆ. ಕೈ ಕಣ್ಣಿನವರೆಗೆ ಬರಲಿಲ್ಲ.

ಒದೆ ಬಿದ್ದದ್ದು ತೊಡೆಗೆ. ನಾನು ಸೆಗಣಿಯಲ್ಲಿ ಕೂತೆ. ಬೆದರಿದ ಮೆಲಾತಿ ಓಡಿತು. ಶಾಲ್ಮಲಿ ಹಗ್ಗ ಬಿಡಲಿಲ್ಲ, ಅರ್ಧ ಅಂಗಳ ಎಳೆಸಿಕೊಂಡಳು, ಮಂಡಿಯ ಚರ್ಮ ಕಿತ್ತುಹೋಯಿತು. ಎದ್ದು ಅದರ ಹೆಗಲ ಪಕ್ಕ ನಿಂತು, ಮಾತಾಡಿಸಿ, ನಡೆಸಿಕೊಂಡು ಬಂದು ಮತ್ತೆ ಸಾಲಿನಲ್ಲಿ ನಿಂತಳು. ಮುನಿಯಾಂಡಿ ನನ್ನನ್ನು ಎತ್ತಿ ನಿಲ್ಲಿಸಿ, ಯಾರಿಗೂ ಕೇಳದಂತೆ ತಮಿಳಿನಲ್ಲಿ ಹೇಳಿದರು: "ಸಾರ್, ಸಾಮಿ ಹಿಂದೆ ಇರೋದು ನಿಜ. ಆದರೆ ದನದ ಕಣ್ಣು ಮುಂದೆ ಇದೆಯಲ್ಲ."

ವೈದ್ಯೆ ಶಾಲ್ಮಲಿಯ ಬಳಿ ಹೋಗಿ ದನ ಯಾಕೆ ಬೆದರಿತು ಎಂದು ಕೇಳಿದರು. ಅವಳು ನನ್ನ ಕಡೆ ನೋಡಲಿಲ್ಲ. ಹಗ್ಗ ಹಿಡಿದವಳು ನಾನು, ಹಿಂದೆ ಯಾರು ಬರುತ್ತಾರೆ ಎಂದು ನಾನೇ ನೋಡಿಕೊಳ್ಳಬೇಕಿತ್ತು, ತಪ್ಪು ನನ್ನದು ಎಂದಳು ಇಂಗ್ಲಿಷಿನಲ್ಲಿ. ಆಗ ನಾನು ಬಾಯಿ ಬಿಡಬೇಕಿತ್ತು. ಮಕ್ಕಳಿಗೆ ಸತ್ಯ, ಧೈರ್ಯ ಎಂದೆಲ್ಲ ಉಪದೇಶ ಕೊಡುವ ನಾನು ಟವೆಲಿನಿಂದ ಪ್ಯಾಂಟು ಒರೆಸುತ್ತ ನಿಂತಿದ್ದೆ. ನಾಚಿಕೆಯಾಯಿತು, ಈಗ ಬರೆಯುವಾಗಲೂ ಆಗುತ್ತದೆ. ಅವಳಿಗೆ ಎರಡನೆಯ ಬಹುಮಾನ ಬಂತು. ಮೊದಲನೆಯದು ಪಕ್ಕದಲ್ಲಿದ್ದ ಹುಡುಗಿಗೆ ಹೋಯಿತು. ಅವಳ ಅಪ್ಪ ಬ್ಯಾಂಕಿನವರು, ದನಕ್ಕೆ ಹೆದರಿ ಒಳಗೇ ಬಂದಿರಲಿಲ್ಲ.

ವಾಪಸು ಬರುವಾಗ ಹೆದ್ದಾರಿಗೆ ಹತ್ತಿದ ಮೇಲೆ ಹೇಳಿಯೇಬಿಟ್ಟೆ. ಹನ್ನೆರಡು ದನ ಇರಲಿಲ್ಲ, ಒಂದೇ ಇತ್ತು, ಅದೂ ನನಗೆ ಹೆದರಿಕೆ, ಹೋರಿಯ ಸುದ್ದಿಯಂತೂ ಪೂರ್ತಿ ಸುಳ್ಳು. ಕನ್ನಡಿಯಲ್ಲಿ ಹಿಂದಿನ ಸೀಟಿನ ಕಡೆ ನೋಡುವ ಧೈರ್ಯವಾಗಲಿಲ್ಲ.

"ಐ ನೋ ಲಾ, ಅಪ್ಪಾ," ಎಂದಳು ಶಾಲ್ಮಲಿ, ಇಲ್ಲಿಯವರ ಹಾಗೆ 'ಲಾ' ಸೇರಿಸಿ. "ಅಮ್ಮ ಟೋಲ್ಡ್ ಮಿ, ಫಸ್ಟ್ ಡೇ."

ನಾನು ಸುಮಂಗಲೆಯ ಕಡೆ ತಿರುಗಿದೆ. "ಮತ್ತೆಂತ ಮಾಡುದು ಮಾರಾಯ್ರೆ," ಎಂದಳು. "ನಿಮ್ಮ ಮಾತು ನಂಬಿ ದನದ ಹತ್ರ ಹೋದ್ರೆ ಮಗುವಿಗೆ ಪೆಟ್ಟಾಗ್ಲಿಕ್ಕಿಲ್ವಾ? ಮುನಿಯಾಂಡಿ ಹೇಳಿದ್ದು ಕೇಳು, ಅಪ್ಪ ಹೇಳಿದ್ದು ಊಟಕ್ಕೆ ಕೂತಾಗ ಕೇಳು ಅಂದೆ."

ಅಂದರೆ ನಾಲ್ಕು ದಿನ ನನ್ನ ಮಾನವನ್ನು ಕಾದುಕೊಂಡು ಬಂದವಳು ಈ ಹನ್ನೊಂದರ ಹುಡುಗಿ. ಸ್ವಲ್ಪ ಹೊತ್ತಿನ ಮೇಲೆ ಅವಳೇ, ಇರಲಿ, ಒಂದು ದನದ ಕಥೆ ಹೇಳು ಎಂದಳು. ಈ ಸಲ ನಿಜವಾದದ್ದು ಬೇಕಂತೆ. ಎಷ್ಟು ತಡಕಿದರೂ ನನ್ನ ಬಳಿ ನಿಜವಾದದ್ದು ಒಂದೇ ಇತ್ತು, ಅದು ಆ ದಿನ ಬೆಳಿಗ್ಗೆ ನಡೆದದ್ದು. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಹಾಗಾದರೆ ನಾನು ಹೇಳುತ್ತೇನೆ ಎಂದು ಅವಳು ಶುರು ಮಾಡಿದಳು. ಮೊದಲ ಟೋಲ್ ಗೇಟಿನ ಹತ್ತಿರ ಬರುವಾಗ ಅವಳ ಕಥೆಯಲ್ಲಿ ನಾನು ಎರಡು ಅಡಿ ಮೇಲೆ ಹಾರಿದ್ದೆ. ಎರಡನೆಯ ಟೋಲಿನಲ್ಲಿ ಹಗ್ಗದ ಆಚೆ, ಬ್ಯಾಂಕಿನವರ ಮಡಿಲಲ್ಲಿ ಹೋಗಿ ಬಿದ್ದಿದ್ದೆ. ಮನೆ ಮುಟ್ಟುವ ಹೊತ್ತಿಗೆ ಹತ್ತೂ ಕಡಸುಗಳು ಸೇರಿ ನನ್ನನ್ನು ಒದ್ದಿದ್ದವು. ಸುಮಂಗಲಾ ಕಣ್ಣಲ್ಲಿ ನೀರು ಬರುವಷ್ಟು ನಗುತ್ತ, ಆಮೇಲೆ, ಆಮೇಲೆ ಎಂದು ಕೇಳುತ್ತಿದ್ದಳು. ಹೆಚ್ಚಿನದೆಲ್ಲ ಸುಳ್ಳು ಎಂದು ತಡೆಯಬೇಕೆನಿಸಿತು, ಆದರೆ ತಡೆಯುವ ಯೋಗ್ಯತೆ ನನಗೆಲ್ಲಿಯದು? ತೊಡೆ ನೀವಿಕೊಳ್ಳುತ್ತ ಕಾರು ಓಡಿಸಿದೆ.