ಜಗತ್ತು ಮುಳುಗುವ ಆಟಕ್ಕೆ ಎರಡು ಟಿಕೆಟ್

ಜಗತ್ತು ಮುಳುಗುವುದನ್ನು ನನ್ನ ಸೋದರಮಾವನಷ್ಟು ಸಲ ನೋಡಿದವರು ಕೊಪ್ಪಳ ಸೀಮೆಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ! ಸಮುದ್ರ ಉಕ್ಕಿದ್ದು, ಕಾಡೆಲ್ಲ ಬೂದಿಯಾದದ್ದು, ಯಂತ್ರಗಳು ಮನುಷ್ಯರನ್ನು ಅಟ್ಟಾಡಿಸಿದ್ದು, ಎಲ್ಲವನ್ನೂ ಆತ ಬಾಲ್ಕನಿಯಲ್ಲಿ ಕೂತು ಶೇಂಗಾ ತಿನ್ನುತ್ತ ನೋಡಿದ್ದಾನೆ. ಊರು ಗಿಣಿಗೇರಾ, ಕಸುಬು ಒಕ್ಕಲುತನ, ಹವ್ಯಾಸ ಪ್ರಳಯ.

ಬೇರೆ ಸಿನಿಮಾ ಆತನಿಗೆ ಆಗಿಬರುವುದಿಲ್ಲ. ಕೊಪ್ಪಳದ ಎ.ಸಿ. ಟಾಕೀಸಿನ ಟಿಕೆಟ್ ಕಿಟಕಿಯಲ್ಲಿ ಮೊದಲು ಕೇಳುವುದೇ, "ಇದರಾಗ ಜಗತ್ತು ಹಾಳಾಗ್ತೈತೇನು?" ಒಮ್ಮೆ ಒಳಗಿನವನು, "ಇಲ್ರಿ ಕಾಕಾ, ಮದುವಿ ಆಗ್ತೈತಿ" ಎಂದ. "ಹಂಗಾರ ಬ್ಯಾಡ ಬಿಡು" ಎಂದು ಮಾವ ಮುಂದಿನ ಬಸ್ಸಿಗೇ ಊರು ಸೇರಿದ. ಜೊತೆಗೆ ಅತ್ತೆಯೂ. ಹೆಂಡತಿಯನ್ನು ಬಿಟ್ಟು ಆತ ಒಂದು ಪ್ರಳಯಕ್ಕೂ ಹೋದವನಲ್ಲ.

ಇಂಗ್ಲಿಷಿನಿಂದ ಹಿಂದಿಗಿಳಿದ ಆ ಮಾತುಗಳು ಮಾವನಿಗೆ ಅರ್ಧ ತಿಳಿಯುವುದಿಲ್ಲ. ಅದರಿಂದ ವಿಮರ್ಶೆಗೇನು ಅಡ್ಡಿ? ಒಂದು ಸಿನಿಮಾದಲ್ಲಿ ಗಾಳಿ ವಿಷವಾಗಿ ಜನ ಮುಖಕ್ಕೆ ಮುಸುಕು ಹಾಕಿಕೊಂಡು ತಿರುಗುತ್ತಿದ್ದರಂತೆ. ಅವರ ಹಿಂದೆಯೇ ಹಗ್ಗದ ಮೇಲೆ ಬಿಳಿ ಬಟ್ಟೆ ಒಣಗುತ್ತಿತ್ತಂತೆ. ಮಾವನಿಗೆ ಸಿಟ್ಟು ಬಂತು. "ಇದನ್ನ ತಗದಾವ ನಮ್ಮೂರಿಗೆ ಬಂದಿಲ್ಲ. ಇಲ್ಲಿ ಬಿಳಿ ಧೋತ್ರ ಹೊರಗ ಹಾಕಿದ್ರ ಸಂಜಿಕ ಕರಿ ಕಂಬಳಿ ಆಗಿರ್ತೈತಿ."

ಮಾತು ಸ್ವಲ್ಪ ಹೆಚ್ಚಾಯಿತು, ಸುಳ್ಳಂತೂ ಅಲ್ಲ. ಕಾರ್ಖಾನೆಗಳು ಬಂದ ಮೇಲೆ ಆ ಮನೆಯಲ್ಲಿ ಬಟ್ಟೆ ಒಣಗುವುದು ಪಡಸಾಲೆಯಲ್ಲೇ. ಅತ್ತೆಗೆ ಕೆಮ್ಮು ಹತ್ತಿ ವರ್ಷಗಳಾದವು, ರಾತ್ರಿಯೆಲ್ಲ ಗೋಡೆಗೊರಗಿ ಕೂತೇ ಬೆಳಗು ಮಾಡುತ್ತಾಳೆ. ಡಾಕ್ಟರರು ಊರು ಬಿಡಿ ಎಂದರು. ಊರನ್ನೇನೋ ಬಿಡಬಹುದು, ಹೊಲವನ್ನು ಹೊತ್ತುಕೊಂಡು ಹೋಗಲು ಬರುತ್ತದೆಯೇ?

ಇನ್ನೊಂದು ಸಿನಿಮಾದಲ್ಲಿ ಯಂತ್ರಗಳೆಲ್ಲ ಒಮ್ಮೆಗೇ ನಿಂತು, ಜನಕ್ಕೆ ಒಲೆ ಹಚ್ಚಲೂ ಬಾರದೆ ಉಪವಾಸ ಬಿದ್ದರಂತೆ. ಮರುದಿನ ಮಾವ ಮನೆಯ ಮಿಕ್ಸರ್, ಟಿ.ವಿ., ಎಲ್ಲರ ಮೊಬೈಲು ಟ್ರಂಕಿಗೆ ಹಾಕಿ ಬೀಗ ಜಡಿದ. ರಜೆಗೆಂದು ಕುಕನೂರಿನಿಂದ ಹೋಗಿದ್ದ ನನ್ನ ಪಾಲಿಗೆ ಒರಳಲ್ಲಿ ಚಟ್ನಿ ಅರೆಯುವ ಕೆಲಸ ಬಂತು! ಸಂಜೆಯ ಹೊತ್ತಿಗೆ ಆತನೇ ಟ್ರಂಕಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಕೇಳಿದರೆ, ಮುಂದಿನ ಪ್ರಳಯ ಎಷ್ಟು ಗಂಟೆಗೆ ಎಂದು ಮೊಬೈಲಿನಲ್ಲಿ ನೋಡಬೇಕಂತೆ.

ತಮಾಷೆಯೆಂದರೆ, ಅತ್ತೆ ಒಂದು ಪ್ರಳಯವನ್ನೂ ಕಣ್ಣಾರೆ ಕಂಡವಳಲ್ಲ. ಪರದೆಯ ಮೇಲೆ ಹೆಸರು ಬೀಳುವಷ್ಟರಲ್ಲಿ ಆಕೆಗೆ ನಿದ್ದೆ. ನಗರಗಳೇ ಉರುಳಿದರೂ ಎಚ್ಚರವಿಲ್ಲ! ಮಲಗುವುದಕ್ಕೆ ಯಾರಾದರೂ ಟಿಕೆಟ್ ತೆಗೆಸುತ್ತಾರೆಯೇ ಎಂದು ನಾವೆಲ್ಲ ಕಾಡಿದ್ದೇ ಕಾಡಿದ್ದು. ಮಾವ ಶೇಂಗಾ ಸಿಪ್ಪೆ ಊದುತ್ತ ಕೂರುತ್ತಿದ್ದ.

ಹೋದ ಬೇಸಿಗೆಯಲ್ಲಿ ನಾನೂ ಅವರ ಜೊತೆ ಹೋದೆ. ಮಧ್ಯಾಹ್ನದ ಆಟ, ಬಾಲ್ಕನಿಯಲ್ಲಿ ನಾವು ಮೂವರೇ. ಭೂಮಿಯ ಗಾಳಿ ಕೆಟ್ಟು, ಉಳಿದ ಜನರೆಲ್ಲ ಒಂದು ಗಾಜಿನ ಮನೆಯಲ್ಲಿ ಯಂತ್ರ ಕೊಡುವ ಗಾಳಿ ಕುಡಿದು ಬದುಕುವ ಕತೆ. ಅತ್ತೆ ಮಾವನ ಹೆಗಲಿಗೆ ತಲೆಯಿಟ್ಟು ಆಗಲೇ ಮಲಗಿದ್ದಳು. ಆ ಗಾಜಿನ ಮನೆಯ ಯಂತ್ರ ಕೆಡುವ ಹೊತ್ತಿಗೆ ಸರಿಯಾಗಿ ಟಾಕೀಸಿನ ಕರೆಂಟೂ ಹೋಯಿತು. ಕೆಳಗಿನವರು ಸಿಳ್ಳೆ ಹಾಕಿದರು, ಜನರೇಟರ್ ಹಚ್ಚಿದರು. ಸಿನಿಮಾ ಬಂತು, ಎ.ಸಿ. ಬರಲಿಲ್ಲ. ಸೆಕೆಯೆಂದು ಬಾಗಿಲುಗಳನ್ನು ತೆರೆದಿಟ್ಟರು. ಸ್ವಲ್ಪ ಹೊತ್ತಿಗೆ ಅತ್ತೆ ಎದೆ ಹಿಡಿದುಕೊಂಡು ಕೆಮ್ಮುತ್ತ ಎದ್ದಳು.

ಮಾವ ಎದ್ದು ನಿಂತು ಕೆಳಗೆ ಕೂಗಿದ: "ಪಿಕ್ಚರ್ ಬಂದ್ ಮಾಡ್ರಿ. ಎ.ಸಿ. ಹಚ್ರಿ."

ಇಡೀ ಟಾಕೀಸು ನಕ್ಕಿತು. ನಾನೂ ನಗಲು ಬಾಯಿ ತೆರೆದವಳು ಅತ್ತೆಯ ಮುಖ ನೋಡಿ ಹಾಗೇ ಕೂತೆ. ಮಾವ ಅವಳ ಬೆನ್ನು ನೀವುತ್ತ, ಯಾರಿಗೋ ಎಂಬಂತೆ ಹೇಳಿದ, "ಮದುವಿ ಪಿಕ್ಚರಿಗೆ ಮಂದಿ ಭಾಳ. ಬಾಗಿಲಾ ತೆರದು ತೆರದು ಧೂಳಾ ಒಳಗ ಬರ್ತೈತಿ. ಇಂಥಾದಕ್ಕ ಯಾರೂ ಬರಂಗಿಲ್ಲ. ಮೂರು ತಾಸು ಮಕ್ಕೊಂತಾಳ."

ಕೊನೆಗೂ ಕರೆಂಟು ಬಂತು, ಬಾಗಿಲು ಮುಚ್ಚಿತು, ಕೆಮ್ಮು ನಿಧಾನಕ್ಕೆ ಇಳಿಯಿತು. ಪರದೆಯ ಮೇಲೆ ಒಂದು ಹಸಿರು ಚಿಗುರು ಕಂಡು ಸಿನಿಮಾ ಮುಗಿಯಿತು. ದೀಪ ಹತ್ತಿದವು. ಬಾಗಿಲು ಕಾಯುವವನು ನಮ್ಮನ್ನು ಎಬ್ಬಿಸಲು ಬಂದ. ಮಾವ ಅಲುಗದೆ ಕೂತಲ್ಲಿಂದಲೇ ಕೈ ಮುಗಿದ.

"ಇನ್ನೊಂದೀಟು ತಡಿಯಪಾ. ಆಕಿಗೆ ಈಗಷ್ಟ ಕಣ್ಣು ಹತ್ಯಾವ."