ವಾಯು ಉಳ್ಳವರ ವಿಹಾರ ಪಥ

ಕಾಲುವೆಗೆ ನೀರು ಬಂದ ಹನ್ನೊಂದನೆಯ ವರ್ಷದಲ್ಲಿ, ಈ ಪ್ರಾಂತದ ಜನ ನಡೆಯುವುದನ್ನೇ ಬಿಟ್ಟಿದ್ದಾರೆಂಬ ಸಂಗತಿ ಪ್ರಾದೇಶಿಕ ಉದ್ಯಾನ ಮತ್ತು ವಾಯುವಿಹಾರ ಪಥಗಳ ಮಂಡಳಿಯ ಗಮನಕ್ಕೆ ಬಂದಿತು. ಮಂಡಳಿಯವರು ಶಹಾಪುರದಿಂದ ಸುರಪುರಕ್ಕೆ ಜೀಪಿನಲ್ಲಿ ಹೋಗಿ, ಜೀಪಿನಲ್ಲೇ ಮರಳಿ ಬಂದು ಈ ತೀರ್ಮಾನ ಮಾಡಿದ್ದರು. ತಲೆಯ ಮೇಲೆ ಹೊರೆ, ಬುಟ್ಟಿ, ಕೊಡ ಹೊತ್ತು ನಡೆಯುತ್ತಿದ್ದ ನೂರಾರು ಮಂದಿ ದಾರಿಯುದ್ದಕ್ಕೂ ಅವರಿಗೆ ಕಂಡಿದ್ದು ನಿಜ. ಆದರೆ ಅವರೆಲ್ಲ ಎಲ್ಲಿಗೋ ಹೊರಟವರು. ಎಲ್ಲಿಗೂ ಹೋಗದೆ ನಡೆಯುವವನು ಒಬ್ಬನೂ ಸಿಗಲಿಲ್ಲ. ಆದ್ದರಿಂದ ಅನುದಾನ ಬಿಡುಗಡೆಯಾಯಿತು.

ಯಾವ ಊರಿನಲ್ಲಿ ವಾಯುವಿಹಾರಿಗಳು ಹೆಚ್ಚೋ ಆ ಊರಿಗೆ ಪಥ ಎಂದು ನಿಯಮವಾಯಿತು. ಲೆಕ್ಕ ಬರೆದು ಕಳಿಸಬೇಕೆಂಬ ನಮೂನೆ ವನದುರ್ಗದಾಚೆಯ ಕರಿಜಾಲಿಹಾಳದ ಪಂಚಾಯ್ತಿಗೂ ಬಂತು. ಕಾರ್ಯದರ್ಶಿ ಬಸವಂತ್ರಾಯರು ಅದನ್ನು ಕರ ವಸೂಲಿಯ ಸಂಗಣ್ಣನ ಕೈಗಿತ್ತರು. ಸಂಗಣ್ಣ ‘ಗ್ರಾಮದಲ್ಲಿರುವ ವಾಯುವಿಹಾರಿಗಳ ಸಂಖ್ಯೆ’ ಎಂಬುದನ್ನು ಮೂರು ಸಲ ಓದಿದ. ವಿಹಾರಿ ಅಂದರೇನೋ ತಿಳಿಯಲಿಲ್ಲ. ವಾಯು ಮಾತ್ರ ಚೆನ್ನಾಗಿ ಗೊತ್ತಿತ್ತು, ಅವನ ತಾಯಿಗೆ ಎರಡೂ ಮೊಣಕಾಲಲ್ಲಿತ್ತು. ಸರ್ಕಾರದ ಕಣ್ಣು ಕಡೆಗೂ ಬಡವರ ಮೊಣಕಾಲಿಗೆ ಬಿತ್ತಲ್ಲಾ ಎಂದು ಅವನ ಎದೆ ತುಂಬಿ ಬಂತು. ಮನೆ ಮನೆಗೆ ಹೊರಟ.

ಮೋನಮ್ಮ ಅಂಗಳದಲ್ಲಿ ಎಮ್ಮೆಗೆ ನೀರು ಕುಡಿಸುತ್ತಿದ್ದಳು. ಎಮ್ಮೆ ಈದು ಹದಿನೈದು ದಿನವಾಗಿತ್ತು, ದಿನಕ್ಕೆ ಮೂರು ಲೀಟರು ಹಾಲು. ಅತ್ತೆ, ಸೊಸೆ, ಎರಡು ಮಕ್ಕಳು, ನಾಲ್ಕೂ ಹೊಟ್ಟೆ ಆ ಹಾಲಿನ ಮೇಲೇ ನಿಂತಿದ್ದವು.

“ಮೋನಕ್ಕ, ನಿಮ್ಮ ಮನ್ಯಾಗ ವಾಯು ಇದ್ದವರು ಎಷ್ಟ ಮಂದಿ?”

“ನಮ್ಮತ್ತಿಗೆ ಅದ ನೋಡಪ. ಕುಂತ್ರ ಏಳಾಕ ಬರಲ್ಲ, ಎದ್ರ ಕುಂಡ್ರಾಕ ಬರಲ್ಲ.”

“ಮತ್ತ ನಿನಗ?”

“ನನಗೆಲ್ಲಿ ಪುರಸೊತ್ತದ?”

ಸಂಗಣ್ಣ ಅತ್ತೆ ಸುಂದ್ರಮ್ಮನ ಹೆಸರಿನ ಮುಂದೆ ‘ಇದೆ’ ಎಂದೂ ಮೋನಮ್ಮನ ಮುಂದೆ ‘ಇಲ್ಲ’ ಎಂದೂ ಬರೆದುಕೊಂಡ. ಬದನೆಕಾಯಿ ಸುಗ್ಗಿಯ ಕಾಲ ಬೇರೆ; ಮೊಣಕಾಲಿನವರ ಜತೆಗೆ ಹೊಟ್ಟೆಯವರೂ ಸೇರಿ ಸಂಖ್ಯೆ ಇನ್ನೂರ ಹನ್ನೆರಡಕ್ಕೆ ಮುಟ್ಟಿತು. ಕೆಂಭಾವಿಯಿಂದ ನಾಲ್ಕು, ಕಕ್ಕೇರಾದಿಂದ ಎರಡು ಹೆಸರು ಹೋಗಿದ್ದವು. ಕರಿಜಾಲಿಹಾಳದ ಆರೋಗ್ಯಪ್ರಜ್ಞೆಗೆ ಮಂಡಳಿ ಬೆರಗಾಗಿ, ಇಡೀ ಅನುದಾನವನ್ನು ಎರಡು ಕಂತಿನಲ್ಲಿ ಆ ಒಂದೇ ಊರಿಗೆ ಗೊತ್ತುಮಾಡಿಬಿಟ್ಟಿತು.

ಕಾಲುವೆಯ ದಂಡೆಯ ಮೇಲೆ ಮೊದಲೇ ಒಂದು ದಾರಿಯಿತ್ತು. ಅದನ್ನು ತೆಗೆದು ಅಲ್ಲೇ ದಾರಿ ಮಾಡಲಾಯಿತು. ಬಣ್ಣದ ಕಲ್ಲು ಹಾಸಿ, ಎರಡು ಬದಿಗೆ ತಂತಿ ಬಿಗಿದು, ಗೇಟು ಇಟ್ಟು, ಗೇಟಿಗೆ ಜಮಾಲಸಾಬನನ್ನು ಕಾವಲಿಗೆ ನಿಲ್ಲಿಸಿ, ಫಲಕ ಹಾಕಿದರು:

‘ಈ ಪಥವು ನೋಂದಾಯಿತ ವಾಯುವಿಹಾರಿಗಳಿಗೆ ಮಾತ್ರ. ಎಲ್ಲಿಗಾದರೂ ಹೋಗುವ ಉದ್ದೇಶವುಳ್ಳವರು ಪ್ರವೇಶಿಸತಕ್ಕದ್ದಲ್ಲ. ಹೊರೆ ಹೊತ್ತವರು, ಅವಸರದಲ್ಲಿರುವವರು ಹಾಗೂ ಸಾಕುಪ್ರಾಣಿಗಳನ್ನು ನಿಷೇಧಿಸಲಾಗಿದೆ.’

ಮರುದಿನ ಮುಂಜಾನೆ ಮೋನಮ್ಮ ಕುಡುಗೋಲು ಹಿಡಿದು ಬಂದಳು. ದಂಡೆಯ ಆ ತುದಿಯಲ್ಲಿ, ಬಸಿನೀರು ನಿಂತ ತಗ್ಗಿನಲ್ಲಿ, ಆಳೆತ್ತರದ ಹಸಿ ಹುಲ್ಲಿತ್ತು. ಜಮಾಲಸಾಬ ಕೋಲು ಅಡ್ಡ ಹಿಡಿದ.

“ಎಲ್ಲಿಗೆ ಹೊಂಟಿ, ಮೋನಕ್ಕ?”

“ಹುಲ್ಲಿಗೆ. ನಿನಗ ಗೊತ್ತಿಲ್ಲೇನಣ್ಣ?”

“ಗೊತ್ತದ ತಂಗಿ. ಗೊತ್ತಿದ್ದದ್ದಕ್ಕೇ ಬಿಡಾಕ ಬರಲ್ಲ.”

ಸುತ್ತು ಹಾಕಿದರೆ ಒಂದು ಹರದಾರಿ, ಮೊಣಕಾಲುದ್ದದ ನೆಲ್ಲಿನ ಗದ್ದೆಯ ಕೆಸರು. ನಾಲ್ಕು ದಿನ ಹಾಗೇ ತಿರುಗಿದಳು. ಅರ್ಧ ಹೊರೆ ಹುಲ್ಲು ತರುವಷ್ಟರಲ್ಲಿ ಹೊತ್ತು ನೆತ್ತಿಗೇರುತ್ತಿತ್ತು. ಹಾಲು ಒಂದೂವರೆ ಲೀಟರಿಗೆ ಇಳಿಯಿತು. ಕರು ಕೆಚ್ಚಲಿಗೆ ಗುದ್ದಿ ಗುದ್ದಿ ಸೋತು ನಿಲ್ಲುವುದನ್ನು ನೋಡಿದಳು. ಸೀದಾ ಪಂಚಾಯ್ತಿಗೆ ನಡೆದಳು.

ಬಸವಂತ್ರಾಯರು ಕೆಟ್ಟವರಲ್ಲ. ಕಾಗದ ಇಲ್ಲದ ಸಂಕಟ ಅವರಿಗೆ ಕಾಣಿಸುತ್ತಿರಲಿಲ್ಲ, ಅಷ್ಟೇ.

“ಹುಲ್ಲಿಗೆ ಹೋಗೋದು ವಿಹಾರ ಅಲ್ಲವ್ವ. ಸುಮ್ನ ಹೊಂಟೀನಿ ಅನ್ನು.”

“ಸುಮ್ನ ಯಾರು ನಡೀತಾರ್ರಿ ಸಾಹೇಬ್ರ?”

“ಯಾರೂ ನಡೆಯಲ್ಲ. ಅದಕ್ಕೇ ಸರ್ಕಾರ ರೊಕ್ಕ ಕೊಟ್ಟದ.” ಅವರು ಪಟ್ಟಿ ತಿರುವಿದರು. “ನೋಡು, ನಿನಗ ವಾಯು ಇಲ್ಲ ಅಂತ ನೀನೇ ಬರೆಸೀದಿ. ನಿಮ್ಮತ್ತಿ ಬೇಕಾದ್ರ ಹೋಗಬಹುದು.”

“ಆಕಿ ಬಚ್ಚಲಕ್ಕೇ ಹೋಗಲ್ರಿ!”

“ಅದು ಆಕಿ ಮರ್ಜಿ. ಹಕ್ಕಂತೂ ಅದ.”

ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ. ಮೋನಮ್ಮ ಸೆರಗು ಕೊಡವಿ ಎದ್ದಳು. ಅಷ್ಟರಲ್ಲಿ ಸಂಗಣ್ಣ ಏದುತ್ತ ಓಡಿ ಬಂದು, ನಾಳೆ ಮಂಡಳಿಯ ಅಧಿಕಾರಿ ತಪಾಸಣೆಗೆ ಬರುತ್ತಾರೆಂದೂ, ವಾಯುವಿಹಾರಿಗಳು ನಡೆಯುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಎರಡನೆಯ ಕಂತು ಮಂಜೂರೆಂದೂ, ಇಲ್ಲವಾದರೆ ಮೊದಲನೆಯದೂ ವಾಪಸ್ಸೆಂದೂ ವರದಿ ಕೊಟ್ಟ. ಮೊದಲನೆಯ ಕಂತಿನಲ್ಲಿ ಉಳಿದ ಕಲ್ಲುಗಳು ಬಸವಂತ್ರಾಯರ ಮನೆಯ ಅಂಗಳದಲ್ಲೂ ಹಾಸಿಕೊಂಡಿದ್ದವು.

“ಮೋನಮ್ಮ, ಕುಂಡ್ರವ್ವ,” ಅಂದರು ಸಾಹೇಬರು. “ಚಾ ಕುಡೀತೀಯೇನು?”

ಮೋನಮ್ಮ ಚಹಾ ಕುಡಿದಳು. ಆಮೇಲೆ ತನ್ನ ಒಂದೇ ಷರತ್ತು ಹೇಳಿದಳು: ನಡೆಯುತ್ತೇನೆ, ಆದರೆ ತಲೆಯ ಮೇಲೆ ಹುಲ್ಲಿನ ಹೊರೆ ಇರುತ್ತದೆ. ಬಸವಂತ್ರಾಯರು ಪೆನ್ನು ಕಚ್ಚಿ ಯೋಚಿಸಿದರು. ಮೋನಮ್ಮನಿಗೆ ಆ ದಿನದಿಂದಲೇ ಅನ್ವಯವಾಗುವಂತೆ ವಾಯು ಮಂಜೂರಾಯಿತು, ಕ್ರಮಸಂಖ್ಯೆ ಇನ್ನೂರ ಹದಿಮೂರು. ಹೊರೆಯನ್ನು ‘ಸ್ಥಳೀಯ ವ್ಯಾಯಾಮ ಸಾಮಗ್ರಿ’ ಎಂದು ದಾಸ್ತಾನು ಪುಸ್ತಕಕ್ಕೆ ಏರಿಸಿದರು.

ತಪಾಸಣೆಯ ದಿನ ಇನ್ನೂರ ಹನ್ನೆರಡು ಮಂದಿಯನ್ನು ಬಂಡಿ ಕಟ್ಟಿ ತಂದು ಬೆಂಚುಗಳ ಮೇಲೂ ನೆಲದ ಮೇಲೂ ಕೂರಿಸಲಾಯಿತು. ಇವರೆಲ್ಲ ಮುಂಜಾನೆಯೇ ವಿಹಾರ ಮುಗಿಸಿ ದಣಿದವರೆಂದು ಬಸವಂತ್ರಾಯರು ವಿವರಿಸಿದರು. ಅವರ ನರಳಾಟ ಕೇಳಿ ಅಧಿಕಾರಿ ಮೆಚ್ಚಿದರು. ಮೋನಮ್ಮ ಹೊರೆ ಹೊತ್ತು ಹತ್ತೊಂಬತ್ತು ಸಲ ಹೋಗಿ ಬಂದಳು. ಹತ್ತೊಂಬತ್ತು ಮಹಿಳೆಯರು ನಡೆದರೆಂದು ದಾಖಲಾಯಿತು. ಎರಡನೆಯ ಕಂತು ಅಲ್ಲೇ ಮಂಜೂರು.

ಸಂಜೆ ಹೊರೆ ಹೊತ್ತು ಮನೆಯತ್ತ ಹೊರಟವಳಿಗೆ ಜಮಾಲಸಾಬ ಮತ್ತೆ ಕೋಲು ಅಡ್ಡ ಹಿಡಿದ. ಪಾಪ, ಅವನ ಕಣ್ಣಲ್ಲಿ ನೀರಿತ್ತು.

“ಹೊರಿ ಇಳಿಸು ತಂಗಿ. ಅದು ಸರ್ಕಾರದ್ದು. ವ್ಯಾಯಾಮದ ಸಾಮಾನು ಗೇಟ್ ದಾಟಂಗಿಲ್ಲ.”

“ನಾ ಕೊಯ್ದ ಹುಲ್ಲೋ ಅದು! ನಮ್ಮ ಎಮ್ಮಿ ಏನು ನಿಮ್ಮ ದಾಸ್ತಾನು ಬುಕ್ ತಿನ್ನಬೇಕೇನು?”

ಅವನು ಕೋಲು ಇಳಿಸಲಿಲ್ಲ. ಮೋನಮ್ಮ ಹೊರೆಯನ್ನು ಧೊಪ್ಪನೆ ನೆಲಕ್ಕೆ ಒಗೆದು ಮನೆಗೆ ಹೋದಳು. ಅತ್ತೆಯ ಹತ್ತಿರ ಕೂತು ಸ್ವಲ್ಪ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಎಮ್ಮೆಯ ಹಗ್ಗ ಬಿಚ್ಚಿ, ಕರುವನ್ನು ಮುಂದೆ ಬಿಟ್ಟುಕೊಂಡು ಗೇಟಿಗೆ ಬಂದಳು.

“ಹುಲ್ಲು ಹೊರಗ ಬರಂಗಿಲ್ಲ, ಅಲ್ಲ? ಎಮ್ಮಿ ಒಳಗ ಹೋಗ್ತದ.”

“ಪ್ರಾಣಿ ಒಳಗ ಬಿಡಂಗಿಲ್ಲ, ಮೋನಕ್ಕ. ವಾಯುವಿಹಾರಿಗಳಿಗಷ್ಟೇ...”

“ಇದರ ಹೊಟ್ಟಿ ನೋಡಿದರ ತಿಳಿಯಲ್ಲೇನು? ಖಾಲಿ ಇದ್ದು ಬರೇ ವಾಯು ತುಂಬ್ಯಾದ.”

ಪ್ರಕರಣ ಬಸವಂತ್ರಾಯರ ಮುಂದೆ ಹೋಯಿತು. ಅವರು ನಿಯಮಾವಳಿಯನ್ನು ಮೊದಲಿಂದ ಕೊನೆಯ ತನಕ ಓದಿದರು. ವಾಯುವಿಹಾರಿಯು ಮನುಷ್ಯನೇ ಆಗಿರತಕ್ಕದ್ದೆಂದು ಎಲ್ಲಿಯೂ ಇರಲಿಲ್ಲ. ಹೆಸರು ನೋಂದಾಯಿಸಿದ ಮೇಲೆ ಅದು ಸಾಕುಪ್ರಾಣಿಯಲ್ಲ, ವಾಯುವಿಹಾರಿ. ಮೇಲಾಗಿ ದಿನವೂ ತಪ್ಪದೆ ನಾಲ್ಕು ಕಾಲಿನಲ್ಲಿ ನಡೆದು ಬರುವ ಇಂಥ ಫಲಾನುಭವಿ ಸಿಗುವುದು ಕಷ್ಟ. ಎಮ್ಮೆಗೆ ಇನ್ನೂರ ಹದಿನಾಲ್ಕನೆಯ ಸಂಖ್ಯೆ ಕೊಟ್ಟರು. ಅದು ತಿಂದು ಮುಗಿಸಿದ ಹುಲ್ಲನ್ನು ‘ಸತತ ಬಳಕೆಯಿಂದ ಸವೆದ ಸಾಮಗ್ರಿ’ ಎಂದು ಬರೆದರು. ವಾರದೊಳಗೆ ಹಾಲು ಮತ್ತೆ ಮೂರು ಲೀಟರಿಗೆ ಬಂತು. ಜಮಾಲಸಾಬ ಫಲಕದ ಕಂಬಕ್ಕೇ ಕರು ಕಟ್ಟಿಕೊಡುತ್ತಿದ್ದ, ಮೋನಮ್ಮ ಅಲ್ಲೇ ಕೂತು ಹಿಂಡುತ್ತಿದ್ದಳು.

ಸಂಗಣ್ಣ ಪ್ರಾಮಾಣಿಕ. ಪ್ರಗತಿ ವರದಿಯಲ್ಲಿ ಹಾಲಿನ ಲೆಕ್ಕವನ್ನೂ ಬಿಡದೆ ಬರೆದ. ಫೆಬ್ರುವರಿಯಲ್ಲಿ ಮಂಡಳಿಯಿಂದ ಸುತ್ತೋಲೆ ಬಂತು. ಬಸವಂತ್ರಾಯರು ಪಥದ ಬಳಿ ಎಲ್ಲರನ್ನೂ ಸೇರಿಸಿ ನಿಂತು ಓದಿದರು:

‘ನೋಂದಾಯಿತ ವಾಯುವಿಹಾರಿಗಳ ಪೈಕಿ ಕ್ರಮಸಂಖ್ಯೆ ಇನ್ನೂರ ಹದಿನಾಲ್ಕನೆಯವರು ನಿಯಮಿತ ನಡಿಗೆಯಿಂದಾಗಿ ದಿನವೊಂದಕ್ಕೆ ಮೂರು ಲೀಟರ್ ಹಾಲು ನೀಡುತ್ತಿರುವುದು ಶ್ಲಾಘನೀಯ. ಉಳಿದ ವಾಯುವಿಹಾರಿಗಳೂ ಇದೇ ಪ್ರಗತಿಯನ್ನು ಸಾಧಿಸತಕ್ಕದ್ದು. ತಪ್ಪಿದಲ್ಲಿ ಹೆಸರು ತೆಗೆದುಹಾಕಲಾಗುವುದು.’

ಯಾರೂ ನಗಲಿಲ್ಲ. ಸರ್ಕಾರದ ಕಾಗದ, ಕೆಳಗೆ ದುಂಡನೆಯ ಮೊಹರು ಬೇರೆ ಇತ್ತು. ಸುಂದ್ರಮ್ಮ ಬೆಂಚಿನ ಮೇಲಿಂದ ಕೈ ಎತ್ತಿ, “ಯಾವಾಗಿನ ತನಕ ಟೈಮ್ ಅದರಿ ಸಾಹೇಬ್ರ?” ಎಂದು ಕೇಳಿದಳು.

“ಮಾರ್ಚ್ ಅಖೇರ.”

ಹೆಂಗಸರು ಆಗಲಿ ಎಂದರು. ಗಂಡಸರು ಮಾತ್ರ ತಮಗೆ ಏಪ್ರಿಲ್ ತನಕ ಮುದ್ದತು ಕೊಡಬೇಕೆಂದು ಸಂಗಣ್ಣನಿಂದ ಅರ್ಜಿ ಬರೆಸಿ, ಸಾಲಾಗಿ ನಿಂತು ಹೆಬ್ಬೆಟ್ಟು ಒತ್ತಿದರು.